ಉತ್ತಮ ಶಿಕ್ಷಕ ಪ್ರಶಸ್ತಿಗಳು: ನಮ್ಮ ಶಾಲೆಗಳು ತಿಳಿದಿರಬೇಕಾದ ವಿಷಯಗಳು

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳು ಬಂತೆಂದರೆ ಉತ್ತಮ ಶಿಕ್ಷಕ ಪ್ರಶಸ್ತಿ ಪಡೆದವರ ಪಟ್ಟಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಆ ಪಟ್ಟಿ ನೋಡಿ "ನಮ್ಮ ಶಾಲೆಯ ಹೆಡ್‌ಮಾಸ್ಟರಿಗೆ ಯಾಕೆ ಸಿಗಲಿಲ್ಲ?" ಎಂದು ಕೇಳುವ ಹಳೆ ವಿದ್ಯಾರ್ಥಿಗಳು ಪ್ರತಿ ಊರಿನಲ್ಲೂ ಇರುತ್ತಾರೆ. ಅನೇಕ ಬಾರಿ ಇದಕ್ಕೆ ಉತ್ತರ ಬಹಳ ಸರಳ: ಅವರು ಅರ್ಜಿಯನ್ನೇ ಹಾಕಿರುವುದಿಲ್ಲ. ಯಾರೋ ಶಿಫಾರಸು ಮಾಡಿ ತಾನಾಗಿ ಬರುವ ಗೌರವ ಎಂಬ ಕಾಲ ಈಗ ಇಲ್ಲ. ಈ ಪ್ರಶಸ್ತಿಗಳ ಹಿನ್ನೆಲೆ, ಆಯ್ಕೆಯ ಕ್ರಮ, ಯಾರು ಅರ್ಹರು, ಯಾರು ಹೊರಗುಳಿಯುತ್ತಾರೆ ಎಂಬುದನ್ನು ನಮ್ಮ ಶಾಲಾ ಸಂಚಾಲಕರು, ಶಿಕ್ಷಕರು, ಚರ್ಚ್ ಪಾಲನಾ ಮಂಡಳಿಯ ಸದಸ್ಯರು ಹಾಗೂ ಹೆತ್ತವರು ತಿಳಿದಿರಲಿ ಎಂಬ ಉದ್ದೇಶದಿಂದ ಈ ಲೇಖನ.

ಹಿನ್ನೆಲೆ

ಕೇಂದ್ರ ಸರಕಾರದ ಶಿಕ್ಷಣ ಇಲಾಖೆಯು ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಯನ್ನು 1958ರಲ್ಲಿ ಆರಂಭಿಸಿತು. ಆಗಿನ್ನೂ ಶಿಕ್ಷಕರ ದಿನಾಚರಣೆ ಇರಲಿಲ್ಲ. ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾದ 1962ರಿಂದ ಅವರ ಜನ್ಮದಿನವಾದ ಸೆಪ್ಟೆಂಬರ್ 5ನ್ನು ಶಿಕ್ಷಕರ ದಿನವಾಗಿ ಆಚರಿಸಲಾಗುತ್ತಿದೆ. ನಂತರದ ವರ್ಷಗಳಲ್ಲಿ ರಾಷ್ಟ್ರಪ್ರಶಸ್ತಿಯ ಪ್ರದಾನಕ್ಕೂ ಅದೇ ದಿನ ನಿಗದಿಯಾಯಿತು. ರಾಧಾಕೃಷ್ಣನ್ ಅವರಿಗೆ ನಮ್ಮ ರಾಜ್ಯದ ನಂಟೂ ಇದೆ. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ಅವರು 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಜಗತ್ತಿನ ಬೇರೆ ಕಡೆಗಳಲ್ಲಿ ಅಕ್ಟೋಬರ್ 5ನ್ನು ವಿಶ್ವ ಶಿಕ್ಷಕರ ದಿನವಾಗಿ ಆಚರಿಸುತ್ತಾರೆ. ಶಿಕ್ಷಕರ ಸ್ಥಾನಮಾನದ ಬಗ್ಗೆ ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1966ರಲ್ಲಿ ಮಾಡಿದ ಶಿಫಾರಸುಗಳ ನೆನಪಿಗಾಗಿ 1994ರಿಂದ ಈ ಆಚರಣೆ ನಡೆದು ಬಂದಿದೆ.

2018ರ ಬದಲಾವಣೆ

ಮೊದಲು ಪ್ರತಿ ವರ್ಷ ದೇಶದ ಮುನ್ನೂರಕ್ಕೂ ಹೆಚ್ಚು ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿ ಸಿಗುತ್ತಿತ್ತು. ರಾಜ್ಯ ಸರಕಾರಗಳು ಹೆಸರುಗಳನ್ನು ಕಳುಹಿಸುತ್ತಿದ್ದವು. 2018ರಲ್ಲಿ ಮಾರ್ಗಸೂಚಿ ಬದಲಾಯಿತು. ಪ್ರಶಸ್ತಿಗಳ ಸಂಖ್ಯೆ ಐವತ್ತರೊಳಗೆ ಇಳಿಯಿತು. ಆ ವರ್ಷ 45 ಮಂದಿಗೆ, 2020ರಲ್ಲಿ 47 ಮಂದಿಗೆ ಪ್ರಶಸ್ತಿ ದೊರೆಯಿತು. 2023ರಲ್ಲಿ ಉನ್ನತ ಶಿಕ್ಷಣ ಮತ್ತು ಕೌಶಲ ತರಬೇತಿ ಕ್ಷೇತ್ರದ ಬೋಧಕರನ್ನೂ ಸೇರಿಸಿ ಒಟ್ಟು 75 ಮಂದಿಯನ್ನು ಆರಿಸಲಾಯಿತು. ಅವರಲ್ಲಿ ಶಾಲಾ ಶಿಕ್ಷಕರು 50. ಪ್ರಶಸ್ತಿಯು ಪ್ರಮಾಣಪತ್ರ, ಬೆಳ್ಳಿಯ ಪದಕ ಮತ್ತು 50,000 ರೂಪಾಯಿ ನಗದನ್ನು ಒಳಗೊಂಡಿದೆ.

ಸಂಖ್ಯೆ ಕಡಿಮೆಯಾದದ್ದಕ್ಕಿಂತ ಮುಖ್ಯವಾದದ್ದು ಇನ್ನೊಂದು ಬದಲಾವಣೆ. 2018ರಿಂದ ಶಿಕ್ಷಕರು ತಾವೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬೇಕು. ಅರ್ಜಿಯ ಅವಧಿ ಸಾಮಾನ್ಯವಾಗಿ ಜೂನ್, ಜುಲೈ ತಿಂಗಳುಗಳಲ್ಲಿ ಬರುತ್ತದೆ. ತಾವು ಮಾಡಿದ ಕೆಲಸದ ದಾಖಲೆ, ವರದಿ, ಚಿತ್ರ, ವಿಡಿಯೋಗಳನ್ನು ಅರ್ಜಿಯ ಜೊತೆ ಸೇರಿಸಬೇಕು. ಕೊಟ್ಟ ಮಾಹಿತಿ ಸತ್ಯವೆಂದೂ, ಸುಳ್ಳೆಂದು ಕಂಡುಬಂದರೆ ಶಿಸ್ತುಕ್ರಮಕ್ಕೆ ಬದ್ಧರೆಂದೂ ಬರೆದುಕೊಡಬೇಕು.

ಯಾರು ಅರ್ಹರು?

ಮಾನ್ಯತೆ ಪಡೆದ ಪ್ರಾಥಮಿಕ, ಪ್ರೌಢ ಮತ್ತು ಹೈಯರ್ ಸೆಕೆಂಡರಿ ಹಂತದ ಶಾಲೆಗಳ ಶಿಕ್ಷಕರು ಮತ್ತು ಮುಖ್ಯಸ್ಥರು ಅರ್ಜಿ ಹಾಕಬಹುದು. ಸರಕಾರಿ ಶಾಲೆಗಳಿಗೆ ಮಾತ್ರ ಈ ಪ್ರಶಸ್ತಿ ಎಂಬ ತಪ್ಪು ತಿಳುವಳಿಕೆ ಹಲವರಲ್ಲಿದೆ. ಅನುದಾನಿತ ಶಾಲೆಗಳು, ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳು, ಸಿ.ಬಿ.ಎಸ್.ಇ. ಮತ್ತು ಐ.ಸಿ.ಎಸ್.ಇ. ಶಾಲೆಗಳು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ಧರ್ಮಪ್ರಾಂತ್ಯದ ಶಾಲೆಗಳಿಗೂ, ಧಾರ್ಮಿಕ ಸಭೆಗಳು ನಡೆಸುವ ಶಾಲೆಗಳಿಗೂ ಬಾಗಿಲು ತೆರೆದೇ ಇದೆ.

ಖಾಯಂ ಶಿಕ್ಷಕರಿಗೆ ಮಾತ್ರ ಅವಕಾಶ. ಗುತ್ತಿಗೆ ಆಧಾರದವರಿಗೆ ಇಲ್ಲ. ಖಾಸಗಿ ಟ್ಯೂಷನ್ ಮಾಡುವವರು ಅರ್ಹರಲ್ಲ. ಶಿಕ್ಷಣಾಧಿಕಾರಿಗಳು, ಇನ್‌ಸ್ಪೆಕ್ಟರುಗಳು, ತರಬೇತಿ ಸಂಸ್ಥೆಗಳ ಸಿಬ್ಬಂದಿಯೂ ಅರ್ಹರಲ್ಲ. ನಿವೃತ್ತರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೆ ಪ್ರಶಸ್ತಿಯ ವರ್ಷದಲ್ಲಿ ಎಪ್ರಿಲ್ 30ರ ತನಕ, ಅಂದರೆ ಕನಿಷ್ಠ ನಾಲ್ಕು ತಿಂಗಳು ಸೇವೆ ಸಲ್ಲಿಸಿದವರನ್ನು ಪರಿಗಣಿಸಬಹುದು. ನಿಯಮಗಳಲ್ಲಿ ಸಣ್ಣಪುಟ್ಟ ಬದಲಾವಣೆಗಳು ಆಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯುವುದು ಒಳ್ಳೆಯದು.

ಆಯ್ಕೆ ಹೇಗೆ?

ಅರ್ಜಿಗಳನ್ನು ಮೊದಲು ಜಿಲ್ಲಾ ಆಯ್ಕೆ ಸಮಿತಿ ಪರಿಶೀಲಿಸುತ್ತದೆ. ಜಿಲ್ಲಾ ಶಿಕ್ಷಣಾಧಿಕಾರಿಯೇ ಇದರ ಅಧ್ಯಕ್ಷರು. ರಾಜ್ಯ ಸರಕಾರದ ಒಬ್ಬ ಪ್ರತಿನಿಧಿ, ಜಿಲ್ಲಾಧಿಕಾರಿಯವರು ಹೆಸರಿಸುವ ಒಬ್ಬ ಶಿಕ್ಷಣ ತಜ್ಞರು ಸದಸ್ಯರು. ಅರ್ಜಿದಾರರ ಮೇಲೆ ಯಾವುದೇ ಪ್ರಕರಣ ಇಲ್ಲವೆಂದು ಖಚಿತಪಡಿಸಿ ಈ ಸಮಿತಿಯು ಮೂರು ಹೆಸರುಗಳನ್ನು ರಾಜ್ಯ ಸಮಿತಿಗೆ ಕಳುಹಿಸುತ್ತದೆ. ಅಲ್ಲಿಂದ ಪ್ರತಿ ರಾಜ್ಯಕ್ಕೆ ನಿಗದಿಯಾದಷ್ಟು ಹೆಸರುಗಳು ದಿಲ್ಲಿಗೆ ಹೋಗುತ್ತವೆ. ಅಲ್ಲಿ ಸ್ವತಂತ್ರ ತೀರ್ಪುಗಾರರ ಮಂಡಳಿಯ ಮುಂದೆ ಶಿಕ್ಷಕರು ತಮ್ಮ ಕೆಲಸವನ್ನು ತಾವೇ ವಿವರಿಸಬೇಕು.

ಅಂಕಗಳು ಎರಡು ಭಾಗಗಳಲ್ಲಿವೆ. ಹಾಜರಾತಿ, ತರಬೇತಿ, ವಾರ್ಷಿಕ ಮೌಲ್ಯಮಾಪನ, ಮಕ್ಕಳ ದಾಖಲಾತಿ ಹೆಚ್ಚಿಸಲು ಮತ್ತು ಶಾಲೆ ಬಿಡುವುದನ್ನು ತಡೆಯಲು ಮಾಡಿದ ಪ್ರಯತ್ನ, ಹೆತ್ತವರು ಹಾಗೂ ಹಳೆ ವಿದ್ಯಾರ್ಥಿಗಳನ್ನು ಶಾಲೆಯ ಕೆಲಸದಲ್ಲಿ ತೊಡಗಿಸಿದ್ದು ಮುಂತಾದವು ಒಂದು ಭಾಗ. ಬೋಧನೆಯಲ್ಲಿ ಮಾಡಿದ ಹೊಸ ಪ್ರಯೋಗಗಳು ಮತ್ತು ಅವುಗಳಿಂದ ಮಕ್ಕಳಿಗಾದ ಪ್ರಯೋಜನ, ಪಠ್ಯೇತರ ಚಟುವಟಿಕೆಗಳು, ಸಮಾಜವನ್ನು ಒಟ್ಟುಗೂಡಿಸಿ ಮಾಡಿದ ಕಾರ್ಯಗಳು ಇನ್ನೊಂದು ಭಾಗ. ಹೆಚ್ಚಿನ ಅಂಕಗಳಿರುವುದು ಎರಡನೆಯದಕ್ಕೆ. ಬರೇ ಸೇವೆಯ ವರ್ಷಗಳನ್ನು ಎಣಿಸಿದರೆ ಸಾಲದು ಎಂಬುದು ಇದರ ತಾತ್ಪರ್ಯ.

ಇದಲ್ಲದೆ ಕರ್ನಾಟಕ ಸರಕಾರವು ರಾಜ್ಯಮಟ್ಟದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರಿಗೆ ಪ್ರಶಸ್ತಿ ನೀಡುತ್ತದೆ. ಜಿಲ್ಲಾ ಮಟ್ಟದಲ್ಲಿ ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢಶಾಲೆ ಎಂಬ ಮೂರು ವಿಭಾಗಗಳಲ್ಲಿ ಉತ್ತಮ ಶಿಕ್ಷಕರನ್ನು ಗುರುತಿಸಲಾಗುತ್ತದೆ. ಇವುಗಳ ಮಾಹಿತಿ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ಸಿಗುತ್ತದೆ. ಮೊದಲ ಬಾರಿ ಪ್ರಯತ್ನಿಸುವವರಿಗೆ ಜಿಲ್ಲಾ ಪ್ರಶಸ್ತಿಯೇ ಸೂಕ್ತ ಮೆಟ್ಟಿಲು.

ತಮ್ಮ ಬಗ್ಗೆ ತಾವೇ ಬರೆಯುವುದು ಸರಿಯೇ?

ನಮ್ಮ ಶಾಲೆಗಳಲ್ಲಿ, ವಿಶೇಷವಾಗಿ ಧರ್ಮಭಗಿನಿಯರಲ್ಲಿ ಮತ್ತು ಹಿರಿಯ ಶಿಕ್ಷಕರಲ್ಲಿ, ಈ ಪ್ರಶ್ನೆ ಏಳುತ್ತದೆ. ಒಳ್ಳೆಯ ಕೆಲಸಕ್ಕೆ ಡಂಗುರ ಸಾರಬಾರದೆಂದು ಸುವಾರ್ತೆ ಕಲಿಸಿದೆ. ಹಾಗೆಯೇ ದೀಪವನ್ನು ಕೊಳಗದ ಕೆಳಗೆ ಮುಚ್ಚಿಡಬಾರದೆಂದೂ ಅದೇ ಸುವಾರ್ತೆ ಕಲಿಸಿದೆ. ಎರಡನ್ನೂ ಒಟ್ಟಿಗೆ ಓದಿದರೆ ದಾರಿ ಕಾಣುತ್ತದೆ: ಬೆಳಕು ಯಾರಿಗಾಗಿ ಎಂಬುದೇ ಮುಖ್ಯ.

ಇದಕ್ಕೆ ಇತ್ತೀಚಿನ ಉದಾಹರಣೆಗಳಿವೆ. ದುಬಾಯಿಯಲ್ಲಿ 2019ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದವರು ಕೀನ್ಯಾ ದೇಶದ ಪೀಟರ್ ತಬಿಚಿ. ಇವರು ಫ್ರಾನ್ಸಿಸ್ಕನ್ ಸಭೆಯ ಬ್ರದರ್. ಪ್ವಾನಿ ಎಂಬ ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು. ಶಾಲೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ತಮ್ಮ ಸಂಬಳದ ನೂರಕ್ಕೆ ಎಂಬತ್ತರಷ್ಟನ್ನು ಬಡವರಿಗಾಗಿ ಖರ್ಚು ಮಾಡುತ್ತಿದ್ದರು. ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ಅಮೆರಿಕನ್ ಡಾಲರ್. ಮರುವರ್ಷ, 2020ರಲ್ಲಿ, ಅದೇ ಪ್ರಶಸ್ತಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್ ಸಿಂಹ ಡಿಸಲೆ ಅವರಿಗೆ ಬಂತು. ಅವರು ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ನಮ್ಮ ಜಿಲ್ಲೆಯಲ್ಲೇ ಹರೇಕಳ ಹಾಜಬ್ಬ ಅವರಿದ್ದಾರೆ. ಅವರು ಶಿಕ್ಷಕರಲ್ಲ, ಶಾಲೆಗೆ ಹೋದವರೂ ಅಲ್ಲ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರಿ ಉಳಿಸಿದ ಹಣದಿಂದ ತಮ್ಮೂರಿನ ನ್ಯೂಪಡ್ಪುವಿನಲ್ಲಿ ಮಕ್ಕಳಿಗೆ ಶಾಲೆ ತಂದರು. 2020ರ ಸಾಲಿನ ಪದ್ಮಶ್ರೀ ಪ್ರಶಸ್ತಿಯನ್ನು 2021ರ ನವೆಂಬರಿನಲ್ಲಿ ಸ್ವೀಕರಿಸಿದರು. ತಮಗೆ ಬಂದ ಬಹುಮಾನಗಳ ಹಣವನ್ನೂ ಶಾಲೆಗೇ ಕೊಟ್ಟವರು ಅವರು. ಈ ಮೂವರ ಕೈಯಲ್ಲೂ ಪ್ರಶಸ್ತಿ ಬೇರೆಯವರಿಗೆ ಉಪಕಾರವಾಯಿತು.

ಪ್ರಶಸ್ತಿಯ ಹೊರಗೆ ಉಳಿದವರು

ಕರಾವಳಿಯಲ್ಲಿ ಕಥೊಲಿಕ ಶಿಕ್ಷಣದ ಪರಂಪರೆ ದೊಡ್ಡದು. ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಸಂತ ಆಗ್ನೆಸ್ ಕಾಲೇಜು 1921ರಲ್ಲಿ. ಆದರೆ ಹಳ್ಳಿಯ ಚರ್ಚ್ ಪಕ್ಕದ ಅನುದಾನಿತ ಕನ್ನಡ ಶಾಲೆಗಳ ಸ್ಥಿತಿ ಇಂದು ಸುಲಭವಾಗಿಲ್ಲ. ಶಿಕ್ಷಕರು ನಿವೃತ್ತರಾದಾಗ ಆ ಹುದ್ದೆ ತುಂಬಲು ಸರಕಾರದ ಅನುಮತಿ ಬೇಕು. ಅನುಮತಿ ಬರುವ ತನಕ ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ಶಿಕ್ಷಕರನ್ನು ನೇಮಿಸಿಕೊಳ್ಳಬೇಕಾಗುತ್ತದೆ. ಆ ಹಣ ಹೆಚ್ಚಾಗಿ ಬರುವುದು ಚರ್ಚಿನಿಂದ, ದಾನಿಗಳಿಂದ, ಹಳೆ ವಿದ್ಯಾರ್ಥಿಗಳಿಂದ.

ಹೀಗೆ ದುಡಿಯುವ ಗೌರವ ಶಿಕ್ಷಕಿ ಖಾಯಂ ಶಿಕ್ಷಕಿಯಷ್ಟೇ ಪಾಠ ಮಾಡುತ್ತಾಳೆ. ಮಕ್ಕಳನ್ನು ಶಾಲೆಗೆ ಸೇರಿಸಲು ಬೇಸಿಗೆ ರಜೆಯಲ್ಲಿ ಮನೆಮನೆಗೆ ಹೋಗುವುದೂ ಅವಳೇ. ಆದರೆ ರಾಷ್ಟ್ರಪ್ರಶಸ್ತಿಯ ನಿಯಮದ ಪ್ರಕಾರ ಅವಳ ಹೆಸರು ಯಾವ ಪಟ್ಟಿಗೂ ಸೇರದು. ಬಾಲವಾಡಿಯ ಶಿಕ್ಷಕಿ, ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರು ಸಹ ಸರಕಾರದ ಲೆಕ್ಕದಲ್ಲಿಲ್ಲ. ಇವರನ್ನು ಗುರುತಿಸುವ ಹೊಣೆ ನಮ್ಮದು.

ಧರ್ಮಸಭೆ ಶಿಕ್ಷಕರ ಪಾಲಕರೆಂದು ಗೌರವಿಸುವ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರ ಬದುಕೂ ಇದನ್ನೇ ನೆನಪಿಸುತ್ತದೆ. 1651ರಲ್ಲಿ ಫ್ರಾನ್ಸಿನ ರಾನ್ಸ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಈ ಧರ್ಮಗುರುಗಳು ತಮ್ಮ ಆಸ್ತಿಯನ್ನು ಬರಗಾಲದಲ್ಲಿ ಬಡವರಿಗೆ ಹಂಚಿ, ಅಂದು ಸಮಾಜದಲ್ಲಿ ಬೆಲೆಯಿಲ್ಲದಿದ್ದ ಬಡ ಶಾಲಾಮಾಸ್ತರರ ಜೊತೆ ಬಾಳಿದರು. ಮಕ್ಕಳಿಗೆ ಲತೀನ್ ಬದಲು ಮಾತೃಭಾಷೆಯಲ್ಲಿ ಓದು ಕಲಿಸಿದರು. ಅವರನ್ನು ಶಿಕ್ಷಕರ ಪಾಲಕರೆಂದು ಜಗದ್ಗುರು 12ನೇ ಪಿಯುಸ್ ಅವರು ಸಾರಿದ್ದು 1950ರಲ್ಲಿ. ಅವರ ಹಬ್ಬ ಎಪ್ರಿಲ್ 7ರಂದು. ಎರಡನೆಯ ವ್ಯಾಟಿಕನ್ ಮಹಾಸಭೆಯು 28 ಅಕ್ಟೋಬರ್ 1965ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲೂ ಕಥೊಲಿಕ ಶಾಲೆಯ ಯಶಸ್ಸು ಬಹುಮಟ್ಟಿಗೆ ಶಿಕ್ಷಕರನ್ನೇ ಅವಲಂಬಿಸಿದೆ ಎಂಬ ಆಶಯವಿದೆ.

ನಾವು ಮಾಡಬಹುದಾದದ್ದು

1. ಶಾಲಾ ಆರಂಭದ ಜೂನ್ ತಿಂಗಳಿನಿಂದಲೇ ಒಂದು ದಾಖಲೆ ಪುಸ್ತಕ ಇಡಬೇಕು. ಮಾಡಿದ ಪ್ರಯೋಗ, ದಿನಾಂಕ, ಭಾಗವಹಿಸಿದ ಮಕ್ಕಳ ಸಂಖ್ಯೆ, ಆದ ಪ್ರಯೋಜನ ಇವನ್ನು ಆಗಲೇ ಬರೆದಿಟ್ಟರೆ ಅರ್ಜಿಯ ಸಮಯದಲ್ಲಿ ಪರದಾಡಬೇಕಿಲ್ಲ.

2. ಅರ್ಹ ಶಿಕ್ಷಕರಿಗೆ ಅರ್ಜಿ ಹಾಕುವಂತೆ ಸಂಚಾಲಕರೇ ಹೇಳಬೇಕು. ಹಿರಿಯರು ಹೇಳಿದಾಗ ಸಂಕೋಚ ಹೋಗುತ್ತದೆ. ಕಂಪ್ಯೂಟರ್ ಕೆಲಸದಲ್ಲಿ ನುರಿತ ಯುವಜನರು ಫೋಟೋ, ವಿಡಿಯೋ ಸಿದ್ಧಪಡಿಸಲು ನೆರವಾಗಬಹುದು.

3. ಬರೆದದ್ದೆಲ್ಲ ಸತ್ಯವಾಗಿರಬೇಕು. ಸಹ ಶಿಕ್ಷಕರು ಕೂಡಿ ಮಾಡಿದ ಕೆಲಸವನ್ನು ಒಬ್ಬರ ಹೆಸರಿಗೆ ಬರೆದರೆ ಪ್ರಶಸ್ತಿ ಬಂದರೂ ಶಿಕ್ಷಕರ ಕೊಠಡಿಯಲ್ಲಿ ಶಾಂತಿ ಉಳಿಯದು.

4. ಪ್ರಶಸ್ತಿ ಬರದಿದ್ದರೆ ಅದನ್ನು ಸೋಲೆಂದು ಭಾವಿಸಬಾರದು. ಇಡೀ ದೇಶಕ್ಕೆ ಇರುವುದು ಕೆಲವೇ ಪ್ರಶಸ್ತಿಗಳು. ಅರ್ಜಿಗಾಗಿ ಕೂಡಿಸಿದ ದಾಖಲೆಗಳು ಶಾಲೆಯ ಮಾನ್ಯತೆ ನವೀಕರಣಕ್ಕೂ, ದಾನಿಗಳಿಗೆ ವರದಿ ನೀಡಲೂ ಉಪಯೋಗಕ್ಕೆ ಬರುತ್ತವೆ.

5. ಸೆಪ್ಟೆಂಬರ್ 5ರ ಸಮೀಪದ ಭಾನುವಾರ ಬಲಿಪೂಜೆಯಲ್ಲಿ ಶಿಕ್ಷಕರಿಗಾಗಿ ವಿಶೇಷ ಪ್ರಾರ್ಥನೆ ಇರಲಿ. ಆ ದಿನ ಗೌರವ ಶಿಕ್ಷಕಿಯರು, ಬಾಲವಾಡಿ ಶಿಕ್ಷಕಿಯರು, ಧರ್ಮೋಪದೇಶ ನೀಡುವವರು, ಊರಿನ ಸರಕಾರಿ ಶಾಲೆಯಲ್ಲಿ ದುಡಿಯುವ ಅನ್ಯ ಧರ್ಮದ ಶಿಕ್ಷಕರು ಇವರೆಲ್ಲರನ್ನೂ ಹೆಸರು ಹಿಡಿದು ಕರೆಯೋಣ. ಶಾಲು, ಹಾರ, ಹಣ್ಣಿನ ಬುಟ್ಟಿ ಇದ್ದರೆ ಸಂತೋಷ. ಅದಕ್ಕಿಂತ ಹೆಚ್ಚಿನ ಗೌರವವೆಂದರೆ ಗೌರವಧನ ಪ್ರತಿ ತಿಂಗಳೂ ಸರಿಯಾದ ದಿನಕ್ಕೆ ಕೈ ಸೇರುವುದು.

ಸರಕಾರದ ಪ್ರಶಸ್ತಿಗೆ ಯೋಗ್ಯರಾದವರು ಧೈರ್ಯದಿಂದ ಅರ್ಜಿ ಹಾಕಲಿ. ನಿಯಮ ಅಡ್ಡಬಂದವರನ್ನು ಧರ್ಮಕೇಂದ್ರ ಮರೆಯದಿರಲಿ. ಮುಂದಿನ ಜೂನ್ ತಿಂಗಳ ಪಾಲನಾ ಮಂಡಳಿ ಸಭೆಯಲ್ಲಿ ಈ ಎರಡೂ ವಿಷಯಗಳಿಗೆ ಸ್ವಲ್ಪ ಸಮಯ ಮೀಸಲಿಟ್ಟರೆ ನಮ್ಮ ಶಾಲೆಗಳಿಗೂ ಶಿಕ್ಷಕರಿಗೂ ದೊಡ್ಡ ಬಲ ಬರುತ್ತದೆ.