ಹ್ಯಾಸ್ಕೆಲ್‌ನಲ್ಲಿ ವೆಬ್ ಆ್ಯಪ್ ನಿರ್ಮಾಣ: ತೊಡಕುಗಳ ಇತಿಹಾಸ

ಹ್ಯಾಸ್ಕೆಲ್ ಶುದ್ಧ ಫಂಕ್ಷನಲ್ ಭಾಷೆಗಳಲ್ಲಿ ಹೆಚ್ಚು ಹೆಸರಾದದ್ದು. ಇದರಲ್ಲಿ ಬರೆದ ಫಂಕ್ಷನ್‌ಗೆ ಒಂದೇ ಇನ್‌ಪುಟ್ ಎಷ್ಟು ಸಲ ಕೊಟ್ಟರೂ ಬರುವ ಉತ್ತರ ಒಂದೇ. ಉತ್ತರ ಕೊಡುವುದರ ಹೊರತು ಅದು ಬೇರೇನನ್ನೂ ಮಾಡುವುದಿಲ್ಲ. ವೆಬ್ ಆ್ಯಪ್‌ನ ದಿನನಿತ್ಯದ ಕೆಲಸವಾದರೋ ಇದಕ್ಕೆ ತದ್ವಿರುದ್ಧ. ಅದು ಡೇಟಾಬೇಸ್‌ಗೆ ಬರೆಯಬೇಕು, ಗಡಿಯಾರ ನೋಡಬೇಕು, ಲಾಗಿನ್ ಆದವರು ಯಾರೆಂದು ನೆನಪಿಡಬೇಕು, ಒಂದೇ ಹೊತ್ತಿಗೆ ಸಾವಿರಾರು ಜನರಿಗೆ ಉತ್ತರಿಸಬೇಕು. ಈ ಎರಡನ್ನೂ ಹೊಂದಿಸುವ ಪ್ರಯತ್ನ 1990ರ ದಶಕದ ಕೊನೆಯಿಂದ ನಡೆದು ಬಂದಿದೆ. ಶುದ್ಧತೆಯೇ ದೊಡ್ಡ ಅಡ್ಡಿಯಾದೀತು ಎಂದು ತೋರುವುದು ಸಹಜ. ಆದರೆ ಈ ಇತಿಹಾಸವನ್ನು ಕ್ರಮವಾಗಿ ನೋಡಿದರೆ ಹೆಚ್ಚು ಕಾಡಿದ್ದು ಶುದ್ಧತೆಯಲ್ಲ, ಬೇಕಾದಾಗಲಷ್ಟೇ ಲೆಕ್ಕ ಮಾಡುವ ಲೇಜಿ ಪದ್ಧತಿ ಮತ್ತು ಲೈಬ್ರರಿಗಳ ಹೊಂದಾಣಿಕೆ ಎಂಬುದು ಕಾಣುತ್ತದೆ.

1987ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸೇರಿದ ಸಂಶೋಧಕರು ಒಂದು ಸಾಮಾನ್ಯ ಲೇಜಿ ಭಾಷೆಯನ್ನು ರೂಪಿಸಲು ಸಮಿತಿ ಮಾಡಿದರು. 1990ರಲ್ಲಿ ಹ್ಯಾಸ್ಕೆಲ್‌ನ ಮೊದಲ ವರದಿ ಹೊರಬಂತು. ಆಗ ಪ್ರೋಗ್ರಾಂ ಎಂದರೆ ಉತ್ತರಗಳ ಪಟ್ಟಿಯನ್ನು ಪಡೆದು ಕೋರಿಕೆಗಳ ಪಟ್ಟಿಯನ್ನು ಕೊಡುವ ಫಂಕ್ಷನ್. ಕಣ್ಣಿಗೆ ಚೆಂದವಾಗಿದ್ದರೂ ಇದನ್ನು ಬಳಸುವುದು ಬಲು ಕಷ್ಟವಾಗಿತ್ತು: ಪ್ರೋಗ್ರಾಂ ಮುಂದಿನ ಉತ್ತರವನ್ನು ತುಸು ಬೇಗ ನೋಡಿದರೂ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಯುಜೆನಿಯೊ ಮೊಗ್ಗಿ ಗಣಿತದ ಕ್ಯಾಟಗರಿ ಥಿಯರಿಯ ಕಡೆಯಿಂದ ತಂದ, ಕ್ರಿಯೆಗಳನ್ನು ಕ್ರಮವಾಗಿ ಪೋಣಿಸುವ ಮೊನಾಡ್ ಎಂಬ ರಚನೆಯನ್ನು ಫಿಲಿಪ್ ವಾಡ್ಲರ್ ಪ್ರೋಗ್ರಾಮಿಂಗ್‌ಗೆ ಒಗ್ಗಿಸಿದರು. 1993ರಲ್ಲಿ ಸೈಮನ್ ಪೇಟನ್ ಜೋನ್ಸ್ ಮತ್ತು ವಾಡ್ಲರ್ ಅದನ್ನೇ ಇನ್‌ಪುಟ್-ಔಟ್‌ಪುಟ್‌ಗೆ ಅನ್ವಯಿಸಿದರು. 1996ರ ಹ್ಯಾಸ್ಕೆಲ್ 1.3ರಿಂದ ಹೊರಜಗತ್ತನ್ನು ಮುಟ್ಟುವ ಪ್ರತಿಯೊಂದು ಕ್ರಿಯೆಯೂ ಐಒ ಎಂಬ ಟೈಪ್ ಹೊತ್ತು ಬರುತ್ತದೆ. ಯಾವ ಕೋಡ್ ಶುದ್ಧ, ಯಾವುದು ಅಲ್ಲ ಎಂಬುದನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ವೆಬ್ ಹರಡುವ ಹೊತ್ತಿಗೆ ಶುದ್ಧತೆಯ ಪ್ರಶ್ನೆಗೆ ತಾತ್ವಿಕ ಉತ್ತರ ಹೀಗೆ ಸಿಕ್ಕಿಯಾಗಿತ್ತು.

ಮೊದಲ ಪ್ರಯೋಗಗಳು, ವೆಬ್ ಸರ್ವರ್ ಹೊರಗಿನ ಪ್ರೋಗ್ರಾಂ ಒಂದನ್ನು ಓಡಿಸಿ ಪುಟ ಪಡೆಯುವ ಸಿಜಿಐ ಮೂಲಕ ನಡೆದವು. ಎರಿಕ್ ಮೈಯರ್ 2000ದಲ್ಲಿ ಸರ್ವರ್ ಬದಿಯ ಸ್ಕ್ರಿಪ್ಟ್‌ಗಳನ್ನು ಹ್ಯಾಸ್ಕೆಲ್‌ನಲ್ಲಿ ಬರೆಯುವ ಬಗೆಯನ್ನು ವಿವರಿಸಿದರು. ಅದಕ್ಕೂ ಮೊದಲು, 1999ರಲ್ಲಿ, ಅವರು ಮತ್ತು ದಾನ್ ಲೈಯೆನ್ ಎಸ್‌ಕ್ಯುಎಲ್ ಪ್ರಶ್ನೆಗಳನ್ನು ಟೈಪ್ ತಪಾಸಣೆಗೆ ಒಳಪಡಿಸುವ ಹ್ಯಾಸ್ಕೆಲ್‌ಡಿಬಿಯನ್ನು ರೂಪಿಸಿದ್ದರು. ಒಂದು ಫಾರ್ಮ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನ ಉತ್ತರಗಳನ್ನು ಹೇಗೆ ನೆನಪಿಡುವುದು ಎಂಬ ಪ್ರಶ್ನೆಗೆ ಪೀಟರ್ ಟೀಮನ್ ಅವರ ವಾಶ್ ಕೊಟ್ಟ ಪರಿಹಾರ ಜಾಣತನದ್ದು. ಬಳಕೆದಾರ ಇದುವರೆಗೆ ತುಂಬಿದ್ದೆಲ್ಲವನ್ನೂ ಪುಟದಲ್ಲೇ ಅಡಗಿದ ಫೀಲ್ಡ್‌ನಲ್ಲಿ ಬರೆದಿಟ್ಟು, ಪ್ರತಿ ಸಲ ಬಟನ್ ಒತ್ತಿದಾಗಲೂ ಪ್ರೋಗ್ರಾಂ ಅನ್ನು ಮೊದಲಿನಿಂದ ಓಡಿಸಿ, ಹಳೆಯ ಉತ್ತರಗಳನ್ನು ಆ ದಾಖಲೆಯಿಂದ ತುಂಬುವುದು. ಶುದ್ಧ ಭಾಷೆಯಲ್ಲಿ ಮರುಓಟದ ಫಲಿತಾಂಶ ಬದಲಾಗದು, ಆದ್ದರಿಂದಲೇ ಇದು ಸಾಧ್ಯವಾಯಿತು. ಪುಟಗಳು ಹೆಚ್ಚಿದಂತೆ ದಾಖಲೆ ಬೆಳೆದು ಓಟ ನಿಧಾನವಾಗುತ್ತಿತ್ತು ಎಂಬುದು ಅದರ ಮಿತಿ.

2000ದಲ್ಲೇ ಸೈಮನ್ ಮಾರ್ಲೋ ಇಡೀ ವೆಬ್ ಸರ್ವರ್ ಒಂದನ್ನು ಹ್ಯಾಸ್ಕೆಲ್‌ನಲ್ಲಿ ಬರೆದು ತೋರಿಸಿದರು. ಪ್ರತಿ ಸಂಪರ್ಕಕ್ಕೂ ಒಂದು ಹಗುರ ಥ್ರೆಡ್. ತಡವಾದ ಸಂಪರ್ಕವನ್ನು ಹೊರಗಿನಿಂದಲೇ ಕಡಿಯಲು ಅಸಿಂಕ್ರನಸ್ ಎಕ್ಸೆಪ್ಷನ್. ಥ್ರೆಡ್ ಮಾದರಿ ಗಟ್ಟಿಯಾಗಿತ್ತು, ಆದರೆ ಕೆಳಗಿನ ರನ್‌ಟೈಮ್ ಸೆಲೆಕ್ಟ್ ಎಂಬ ಹಳೆಯ ವ್ಯವಸ್ಥೆಯನ್ನು ನೆಚ್ಚಿಕೊಂಡಿದ್ದರಿಂದ 1024 ಸಂಪರ್ಕಗಳ ಆಚೆಗೆ ಹೋಗಲಾಗುತ್ತಿರಲಿಲ್ಲ. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಆದ ಜಿಎಚ್‌ಸಿಯ 2010ರ 7.0 ಆವೃತ್ತಿಯಲ್ಲಿ ಈ ಗೋಡೆ ಬಿತ್ತು, 2014ರ 7.8ರಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ಈ ಕೆಲಸವನ್ನು ಹಲವು ಪ್ರೊಸೆಸರ್ ಕೋರ್‌ಗಳಿಗೆ ಹಂಚುವ ವ್ಯವಸ್ಥೆ ಬಂತು.

ಅಷ್ಟರಲ್ಲಿ ಇನ್ನೊಂದು ಕಷ್ಟ ತಲೆದೋರಿತ್ತು. ಹ್ಯಾಸ್ಕೆಲ್‌ನ ಮೂಲ ಲೈಬ್ರರಿಯಲ್ಲಿ ಫೈಲ್ ಓದುವ ಫಂಕ್ಷನ್ ಕೂಡ ಲೇಜಿ: ಕರೆದ ಕೂಡಲೇ ಮರಳುತ್ತದೆ, ನಿಜವಾದ ಓದು ಅಕ್ಷರಗಳು ಬೇಕಾದಾಗ ನಡೆಯುತ್ತದೆ, ಕೊನೆ ತಲುಪಿದ ಮೇಲಷ್ಟೇ ಫೈಲ್ ಮುಚ್ಚುತ್ತದೆ. ಸಣ್ಣ ಪ್ರೋಗ್ರಾಂನಲ್ಲಿ ಇದು ಅನುಕೂಲ. ತಿಂಗಳುಗಟ್ಟಲೆ ಓಡುವ ಸರ್ವರ್‌ನಲ್ಲಿ ಅರ್ಧ ಓದಿದ ಫೈಲ್‌ಗಳು ತೆರೆದೇ ಉಳಿದು, ಆಪರೇಟಿಂಗ್ ಸಿಸ್ಟಂ ಹೊಸ ಫೈಲ್ ತೆರೆಯಲು ಬಿಡದ ಸ್ಥಿತಿ ಬರುತ್ತದೆ. ಅವಸರದಿಂದ ಮುಚ್ಚಿದರೆ ಉಳಿದ ಭಾಗ ಸದ್ದಿಲ್ಲದೆ ಕಾಣೆಯಾಗುತ್ತಿತ್ತು. ಒಲೆಗ್ ಕಿಸೆಲ್ಯೋವ್ ಪ್ರತಿಪಾದಿಸಿದ ಇಟರೇಟಿ ಪದ್ಧತಿ, ಅದರ ಬೆನ್ನಿಗೆ ಬಂದ ಕಾಂಡ್ಯುಟ್ ಮತ್ತು ಪೈಪ್ಸ್ ಲೈಬ್ರರಿಗಳು ಡೇಟಾವನ್ನು ತುಂಡುತುಂಡಾಗಿ, ಗೊತ್ತಾದ ಕ್ರಮದಲ್ಲಿ ಹರಿಸುವುದನ್ನು ಕಲಿಸಿದವು.

ಹ್ಯಾಪ್ಸ್ ಎಂಬ ಫ್ರೇಮ್‌ವರ್ಕ್ ಡೇಟಾಬೇಸನ್ನೇ ಕೈಬಿಟ್ಟು, ಆ್ಯಪ್‌ನ ಮಾಹಿತಿಯನ್ನೆಲ್ಲ ಮೆಮೊರಿಯಲ್ಲಿಟ್ಟು, ಬದಲಾವಣೆಗಳನ್ನು ಮಾತ್ರ ಡಿಸ್ಕ್‌ಗೆ ಬರೆಯುವ ದಾರಿ ಹಿಡಿದಿತ್ತು. 2009ರಲ್ಲಿ ಅದು ಹ್ಯಾಪ್‌ಸ್ಟ್ಯಾಕ್ ಆಗಿ ಮುಂದುವರಿಯಿತು. 2010ರಲ್ಲಿ ಸ್ನ್ಯಾಪ್ ಹಾಗೂ ಮೈಕಲ್ ಸ್ನೋಯ್‌ಮನ್ ಅವರ ಯೆಸೋಡ್ ಬಂದವು. ಸರ್ವರ್ ಮತ್ತು ಫ್ರೇಮ್‌ವರ್ಕ್ ನಡುವಿನ ಕೊಂಡಿಯಾಗಿ ವಾಯ್ ಎಂಬ ಇಂಟರ್‌ಫೇಸ್ ಬೆಳೆಯಿತು; ಅದರ ಮೇಲೆ ನಿಂತ ವಾರ್ಪ್ ಸರ್ವರ್ ವೇಗಕ್ಕೆ ಹೆಸರಾಯಿತು. ವಾಯ್‌ನ ಟೈಪ್ ಬದಲಾದ ರೀತಿಯೇ ಒಂದು ಪಾಠ. ವೆಬ್ ಆ್ಯಪ್ ಎಂದರೆ ರಿಕ್ವೆಸ್ಟ್ ಪಡೆದು ರೆಸ್ಪಾನ್ಸ್ ಮರಳಿಸುವ ಫಂಕ್ಷನ್ ಎಂಬುದು ಸಹಜ ಕಲ್ಪನೆ. ಆದರೆ ರೆಸ್ಪಾನ್ಸ್ ಮರಳಿದ ಮೇಲೂ ಅದರ ಬೈಟ್‌ಗಳು ಬ್ರೌಸರ್‌ಗೆ ಹರಿಯುತ್ತಲೇ ಇರುತ್ತವೆ. ಡೇಟಾಬೇಸ್ ಸಂಪರ್ಕವನ್ನು ಬಿಟ್ಟುಕೊಡುವುದು ಯಾವಾಗ? 2014ರ ವಾಯ್ 3.0ರಲ್ಲಿ ಆ್ಯಪ್‌ಗೆ ರಿಕ್ವೆಸ್ಟ್ ಜೊತೆಗೆ ‘ಉತ್ತರ ಕಳುಹಿಸುವ’ ಫಂಕ್ಷನ್ ಒಂದನ್ನೂ ಕೊಡಲಾಯಿತು. ಅದು ಮುಗಿದು ಮರಳಿದಾಗ ಉತ್ತರ ಪೂರ್ತಿ ಹೋಗಿರುತ್ತದೆ. ಸಂಪರ್ಕವನ್ನು ಆಗ ನಿಶ್ಚಿಂತೆಯಿಂದ ಬಿಡಬಹುದು.

ಲೇಜಿ ಪದ್ಧತಿಯ ಅತಿ ಪರಿಚಿತ ತೊಡಕು ಮೆಮೊರಿ ಸೋರಿಕೆ. ಪುಟಕ್ಕೆ ಎಷ್ಟು ಜನ ಬಂದರು ಎಂದು ಎಣಿಸುವ ಕೌಂಟರ್ ಒಂದನ್ನು ತೆಗೆದುಕೊಳ್ಳಬಹುದು. ಪ್ರತಿ ಭೇಟಿಗೂ ಒಂದನ್ನು ಕೂಡಿಸು ಎಂದು ಬರೆದರೆ ಹ್ಯಾಸ್ಕೆಲ್ ಕೂಡಿಸುವುದಿಲ್ಲ, ಕೂಡಿಸಬೇಕು ಎಂಬ ಟಿಪ್ಪಣಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಥಂಕ್ ಎಂದು ಹೆಸರು. ಯಾರೂ ಆ ಸಂಖ್ಯೆಯನ್ನು ಕೇಳದಿದ್ದರೆ, ಮೊತ್ತ ಹಾಕದೆ ಬರೆಯುತ್ತಲೇ ಹೋದ ಉದ್ರಿ ಪುಸ್ತಕದಂತೆ ಥಂಕ್‌ಗಳು ಬೆಳೆಯುತ್ತವೆ. ಕೋಡ್ ಸರಿ, ಟೈಪ್ ಸರಿ, ಪರೀಕ್ಷೆಯಲ್ಲಿ ಪಾಸು; ವಾರಗಳ ನಂತರ ಸರ್ವರ್ ಮೆಮೊರಿ ತುಂಬಿ ನಿಲ್ಲುತ್ತದೆ. ಕೂಡಲೇ ಲೆಕ್ಕ ಮಾಡುವ ಪರ್ಯಾಯ ಫಂಕ್ಷನ್ ಮೂಲ ಲೈಬ್ರರಿಗೆ ಸೇರಿದ್ದು 2012ರಲ್ಲಿ. ಇಡೀ ಮಾಡ್ಯೂಲನ್ನು ಲೇಜಿ ಅಲ್ಲದಂತೆ ಮಾಡುವ ಸೌಲಭ್ಯ 2016ರ ಜಿಎಚ್‌ಸಿ 8.0ರಲ್ಲಿ ಬಂತು. ಬೇಡವಾದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಷನ್ ವೇಳೆ ಎಲ್ಲ ಥ್ರೆಡ್‌ಗಳೂ ನಿಲ್ಲುವುದರಿಂದ ಉತ್ತರ ತಡವಾಗುವ ಸಮಸ್ಯೆಯನ್ನು ತಗ್ಗಿಸಲು 2020ರ 8.10 ಹೊಸ ಕಲೆಕ್ಟರ್ ಒಂದನ್ನು ಸೇರಿಸಿತು.

ಪಠ್ಯವೇ ಪ್ರಧಾನವಾದ ವೆಬ್‌ಗೆ ಹ್ಯಾಸ್ಕೆಲ್‌ನ ಮೂಲ ಸ್ಟ್ರಿಂಗ್ ಒಗ್ಗುವಂಥದ್ದಾಗಿರಲಿಲ್ಲ. ಅದು ಅಕ್ಷರಗಳ ಲಿಂಕ್ಡ್ ಲಿಸ್ಟ್. 64 ಬಿಟ್ ಯಂತ್ರದಲ್ಲಿ ಲಿಸ್ಟ್‌ನ ಒಂದು ಕೊಂಡಿಗೆ 24 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ರನ್‌ಟೈಮ್ ಹಂಚಿಕೊಂಡು ಬಳಸಬಲ್ಲದು, ಕನ್ನಡ ಅಕ್ಷರಕ್ಕೆ ಮಾತ್ರ ಇನ್ನೂ 16 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಕೂಡಿಸುವ ಚಿಹ್ನೆಯೂ ಸೇರಿ ಯೂನಿಕೋಡ್ ಸಂಕೇತಗಳು ಐದು. ಸ್ಟ್ರಿಂಗ್ ಆಗಿ ಅದು ಸುಮಾರು 200 ಬೈಟ್ ಹಿಡಿಯುತ್ತದೆ. ಯುಟಿಎಫ್-8ರಲ್ಲಿ ಅದೇ ಪದಕ್ಕೆ 15 ಬೈಟ್ ಸಾಕು. ಇದಕ್ಕಾಗಿ ಬೈಟ್‌ಸ್ಟ್ರಿಂಗ್ ಮತ್ತು ಟೆಕ್ಸ್ಟ್ ಲೈಬ್ರರಿಗಳು ಬಂದವು. ಆದರೆ ಹಳೆಯ ಸ್ಟ್ರಿಂಗ್ ಹೋಗಲಿಲ್ಲ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಕೆಲಸ ಇಂದಿಗೂ ಹ್ಯಾಸ್ಕೆಲ್ ಪ್ರೋಗ್ರಾಮರ್‌ಗಳ ತಲೆನೋವು. ಟೆಕ್ಸ್ಟ್ ಲೈಬ್ರರಿ 2021ರ ಕೊನೆಯಲ್ಲಿ ಯುಟಿಎಫ್-16 ಬಿಟ್ಟು ಯುಟಿಎಫ್-8ಕ್ಕೆ ಬಂತು. ಇಂಗ್ಲಿಷ್ ಪಠ್ಯದ ಗಾತ್ರ ಅರ್ಧವಾಯಿತು, ಕನ್ನಡದ ಸಂಕೇತ 2ರಿಂದ 3 ಬೈಟ್‌ಗೆ ಏರಿತು. ವೆಬ್‌ನಲ್ಲಿ ಹರಿದಾಡುವುದೇ ಯುಟಿಎಫ್-8 ಆದ್ದರಿಂದ ಪರಿವರ್ತನೆಯ ಖರ್ಚು ತಪ್ಪಿದ ಲಾಭ ಎರಡಕ್ಕೂ ಸಿಕ್ಕಿತು.

ಶುದ್ಧತೆ ಮತ್ತು ಟೈಪ್‌ಗಳು ಕೊಟ್ಟ ಲಾಭ ಸಣ್ಣದಲ್ಲ. ಯೆಸೋಡ್‌ನಲ್ಲಿ ಪ್ರತಿ ಪುಟದ ವಿಳಾಸವೂ ಒಂದು ಟೈಪ್‌ನ ಮೌಲ್ಯ. ಪುಟ ತೆಗೆದುಹಾಕಿದರೆ ಅದಕ್ಕೆ ಕೊಟ್ಟ ಲಿಂಕ್‌ಗಳಿರುವ ಕೋಡ್ ಕಂಪೈಲ್ ಆಗುವುದಿಲ್ಲ. ಬಳಕೆದಾರ ಬರೆದ ಪಠ್ಯ ಬೇರೆ ಟೈಪ್, ಎಚ್‌ಟಿಎಂಎಲ್ ಬೇರೆ ಟೈಪ್. ಒಂದನ್ನು ಇನ್ನೊಂದರಲ್ಲಿ ಅಪ್ಪಿತಪ್ಪಿ ಸೇರಿಸಲಾಗದು. 2015ರಲ್ಲಿ ವಿವರಿಸಲಾದ ಸರ್ವೆಂಟ್ ಇನ್ನೂ ಮುಂದೆ ಹೋಗಿ ಇಡೀ ಎಪಿಐಯನ್ನು ಒಂದು ಟೈಪ್ ಆಗಿ ಬರೆಸಿ, ಅದರಿಂದಲೇ ಕ್ಲೈಂಟ್ ಕೋಡ್ ಮತ್ತು ದಾಖಲೆ ಎರಡನ್ನೂ ಹುಟ್ಟಿಸುತ್ತದೆ. ಇದರ ಬೆಲೆ ಕಂಪೈಲರ್ ಮುಂದೆ ಕಾಯುವ ಸಮಯ ಮತ್ತು ಹೊಸಬರನ್ನು ಕಂಗೆಡಿಸುವ ಉದ್ದುದ್ದ ದೋಷ ಸಂದೇಶಗಳು. ಲೈಬ್ರರಿಗಳ ಆವೃತ್ತಿಗಳು ಒಂದಕ್ಕೊಂದು ಹೊಂದದೆ ಇನ್‌ಸ್ಟಾಲ್ ಆಗದ ಸ್ಥಿತಿಗೆ, ಹ್ಯಾಸ್ಕೆಲ್‌ನ ಪ್ಯಾಕೇಜ್ ಉಪಕರಣವಾದ ಕಬಾಲ್‌ನಿಂದಾಗಿ, ‘ಕಬಾಲ್ ನರಕ’ ಎಂಬ ಹೆಸರೇ ಬಿದ್ದಿತ್ತು. ಪರಸ್ಪರ ಹೊಂದುವ ಆವೃತ್ತಿಗಳನ್ನು ಒಟ್ಟಾಗಿ ಕೊಡುವ ಸ್ಟ್ಯಾಕೇಜ್ ಹಾಗೂ 2015ರ ಸ್ಟ್ಯಾಕ್ ಉಪಕರಣ ಬಂದ ಮೇಲೆ ಆ ಕಾಟ ಬಹುಪಾಲು ತಗ್ಗಿತು.

ಬ್ರೌಸರ್ ಬದಿಯಲ್ಲಿ ಜಾವಾಸ್ಕ್ರಿಪ್ಟ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಜಿಎಚ್‌ಸಿಜೆಎಸ್ ಹ್ಯಾಸ್ಕೆಲನ್ನೇ ಜಾವಾಸ್ಕ್ರಿಪ್ಟ್‌ಗೆ ಪರಿವರ್ತಿಸಿತು. ಲೇಜಿ ರನ್‌ಟೈಮನ್ನೂ ಹೊತ್ತೊಯ್ಯಬೇಕಾದ್ದರಿಂದ ಫೈಲ್ ಭಾರವಾಗುತ್ತಿತ್ತು. ಇವಾನ್ ಚಾಪ್ಲಿಕಿ 2012ರಲ್ಲಿ ರೂಪಿಸಿದ ಎಲ್ಮ್ ಮತ್ತು 2013ರಲ್ಲಿ ಆರಂಭವಾದ ಪ್ಯೂರ್‌ಸ್ಕ್ರಿಪ್ಟ್ ಹೊಸ ಭಾಷೆಗಳಾಗಿ ಬಂದವು. ಎರಡೂ ಶುದ್ಧತೆಯನ್ನು ಉಳಿಸಿಕೊಂಡು ಲೇಜಿ ಪದ್ಧತಿಯನ್ನು ಕೈಬಿಟ್ಟದ್ದು ಗಮನಾರ್ಹ. ಎಲ್ಮ್‌ನ ಮಾಡೆಲ್, ಅಪ್‌ಡೇಟ್, ವ್ಯೂ ಎಂಬ ಮೂರು ಭಾಗಗಳ ವಿನ್ಯಾಸ ಜಾವಾಸ್ಕ್ರಿಪ್ಟ್ ಲೋಕದ ರಿಡಕ್ಸ್ ಎಂಬ ಲೈಬ್ರರಿಯ ಮೇಲೆ ಪ್ರಭಾವ ಬೀರಿತು. 2023ರ ಜಿಎಚ್‌ಸಿ 9.6ರಲ್ಲಿ ಜಾವಾಸ್ಕ್ರಿಪ್ಟ್ ಹಾಗೂ ವೆಬ್‌ಅಸೆಂಬ್ಲಿ ಕೋಡ್ ಹೊರಡಿಸುವ ಸೌಲಭ್ಯ ಪ್ರಾಯೋಗಿಕವಾಗಿ ಸೇರಿತು.

ದೊಡ್ಡ ಪ್ರಮಾಣದ ಬಳಕೆಗೆ ಫೇಸ್‌ಬುಕ್‌ನ ಸಿಗ್ಮಾ ನಿದರ್ಶನ. ಸ್ಪ್ಯಾಮ್ ತಡೆಯುವ ಈ ವ್ಯವಸ್ಥೆ 2015ರ ಹೊತ್ತಿಗೆ ಹ್ಯಾಸ್ಕೆಲ್‌ನಲ್ಲಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ರಿಕ್ವೆಸ್ಟ್ ನಿಭಾಯಿಸುತ್ತಿತ್ತು. ಮಿತಿಮೀರಿ ಮೆಮೊರಿ ಬಳಸುವ ರಿಕ್ವೆಸ್ಟನ್ನು ಮಧ್ಯದಲ್ಲೇ ನಿಲ್ಲಿಸಲು ಬಳಸಿದ್ದು ಅಸಿಂಕ್ರನಸ್ ಎಕ್ಸೆಪ್ಷನ್ ವ್ಯವಸ್ಥೆಯನ್ನೇ. ಕರ್ನಾಟಕದಲ್ಲಿ, ಬೆಂಗಳೂರಿನ ಜಸ್‌ಪೇ ಸಂಸ್ಥೆ ಹ್ಯಾಸ್ಕೆಲನ್ನು ಪಾವತಿ ವ್ಯವಸ್ಥೆಗಳಲ್ಲಿ ಬಳಸುತ್ತ ಬಂದಿದೆ. ಆಟೊ ಬುಕ್ ಮಾಡಲು 2022ರಲ್ಲಿ ಬಂದ ‘ನಮ್ಮ ಯಾತ್ರಿ’ ಸೇವೆಯ ಸರ್ವರ್ ಹ್ಯಾಸ್ಕೆಲ್‌ನಲ್ಲಿದೆ, ಮೊಬೈಲ್ ಆ್ಯಪ್‌ಗೆ ಪ್ಯೂರ್‌ಸ್ಕ್ರಿಪ್ಟ್ ಬಳಸಲಾಗಿದೆ, ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ಓದಲು ಮುಕ್ತವಾಗಿದೆ.