ಕರ್ಜಗಿ ಸ್ಟೇಷನ್ನಿನಿಂದ ಖಾರ್ಕಿವ್‌ವರೆಗೆ

ಹಾವೇರಿ ಸೀಮೆಯ ಮಕ್ಕಳು ಡಾಕ್ಟರಿಕೆ ಓದಲು ಉಕ್ರೇನ್, ರಷ್ಯಾ, ಫಿಲಿಪ್ಪೀನ್ಸ್, ಕಿರ್ಗಿಸ್ತಾನಗಳಿಗೆ ಹೋಗುವುದನ್ನು ಇತ್ತೀಚಿನ ಹುಚ್ಚೆಂದೇ ನಾವು ಮಾತನಾಡುತ್ತೇವೆ. ವಿದೇಶದ ಮೋಹ, ಏಜೆಂಟರ ಮಾತಿನ ಮೋಡಿ, ಅಂಕ ಬಾರದವರ ಅಡ್ಡದಾರಿ ಎಂದು ಕಾರಣವನ್ನೂ ಕೊಟ್ಟುಬಿಡುತ್ತೇವೆ. ಆದರೆ ಡಾಕ್ಟರಾಗಬೇಕಾದರೆ ಊರು ಬಿಡಬೇಕು ಎಂಬುದು ಈ ಭಾಗಕ್ಕೆ ಬ್ರಿಟಿಷರ ಕಾಲದಿಂದ ಬಂದ ಕಟ್ಟುಪಾಡು. ಹೋಗುವ ಊರು ಬದಲಾಗಿದೆ, ಹೋಗುವ ಕಾರಣ ಬದಲಾಗಿಲ್ಲ. ಓದುವ ಮಕ್ಕಳಿರುವಲ್ಲಿ, ಅವರ ಮನೆತನಕ್ಕೆ ನಿಲುಕುವ ದುಡ್ಡಿಗೆ, ಸಾಕಷ್ಟು ಸೀಟು ಎಂದೂ ಇರಲಿಲ್ಲ.

ವರದಾ ನದಿಯ ಸಮೀಪದ ಕರ್ಜಗಿಯನ್ನೇ ತೆಗೆದುಕೊಳ್ಳಿ. ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ ಒಂದು ತಾಲೂಕಿಗೇ ಹೆಸರು ಕೊಟ್ಟಿದ್ದ ಊರು ಇದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ–ಹರಿಹರ ಮಾರ್ಗ ಈ ಸೀಮೆಯನ್ನು ಹಾದುಹೋಯಿತು. ಹಳಿ ಬಂತೇ ಹೊರತು ಕಾಲೇಜು ಬರಲಿಲ್ಲ. ಪ್ರಾಂತ್ಯದ ದೊಡ್ಡ ವೈದ್ಯಕೀಯ ಕಾಲೇಜು ಎಂದರೆ 1845ರಲ್ಲಿ ಶುರುವಾದ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು. ರಾಣೆಬೆನ್ನೂರಿನಾಚೆ ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನ. ಅಲ್ಲಿ 1924ರಲ್ಲೇ ವೈದ್ಯಕೀಯ ಕಾಲೇಜು ಆರಂಭವಾಗಿತ್ತು, ಆದರೆ ಅದು ಬೇರೊಂದು ಸರ್ಕಾರದ್ದು. ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ತೆರೆಯಿತು. ಗ್ರಾಂಟ್ ಕಾಲೇಜಿನಿಂದ ಹುಬ್ಬಳ್ಳಿ ಕಾಲೇಜಿಗೆ ನೂರಾ ಹನ್ನೆರಡು ವರ್ಷ. ಅಷ್ಟೂ ಕಾಲ ಇಲ್ಲಿನ ರೈತನ ಮಗನಿಗೆ ವೈದ್ಯಕೀಯ ಎಂದರೆ ದೂರದ ಊರು, ಬೇರೆ ಭಾಷೆ, ಬಾಡಿಗೆ ಕೋಣೆ. ಉಕ್ರೇನಿನ ಖಾರ್ಕಿವ್‌ಗೆ ಹೋದವನ ಪಾಡು ಇದರ ಮುಂದುವರಿಕೆಯೇ.

ಹುಬ್ಬಳ್ಳಿಯ ನಂತರ 1963ರಲ್ಲಿ ಬೆಳಗಾವಿ, 1965ರಲ್ಲಿ ದಾವಣಗೆರೆ ಹೀಗೆ ಕಾಲೇಜುಗಳು ಹತ್ತಿರವಾದವು. ದೂರ ಕಡಿಮೆಯಾದಷ್ಟೂ ಇನ್ನೊಂದು ಅಡ್ಡಿ ಬೆಳೆಯಿತು: ದುಡ್ಡು. 1953ರಲ್ಲಿ ಮಣಿಪಾಲದಿಂದ ಮೊದಲಾದ ಖಾಸಗಿ ಕಾಲೇಜುಗಳ ಪರಂಪರೆ ರಾಜ್ಯಕ್ಕೆ ಸಾವಿರಾರು ವೈದ್ಯರನ್ನು ಕೊಟ್ಟಿದೆ, ಅದನ್ನು ಮರೆಯುವಂತಿಲ್ಲ. ಜೊತೆಗೇ ಸೀಟಿಗೆ ದೇಣಿಗೆ ವಸೂಲಿ ಮಾಡುವ ಕ್ಯಾಪಿಟೇಷನ್ ಎಂಬ ಪದ್ಧತಿಯೂ ಬೇರೂರಿತು. 1984ರಲ್ಲಿ ಅದನ್ನು ನಿಷೇಧಿಸಿ ಕಾಯ್ದೆ ಬಂತು. 1989ರ ಸರ್ಕಾರಿ ಆದೇಶ ಖಾಸಗಿ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ನಿಗದಿಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಈ ಆದೇಶವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕವನ್ನು ಖಂಡಿಸಿತು. ಒಂದೇ ತರಗತಿ, ಒಂದೇ ಪಾಠ, ಆದರೆ ಹನ್ನೆರಡು ಪಟ್ಟು, ಮೂವತ್ತು ಪಟ್ಟು ಅಂತರ. ಆ ಅಂತರವೇ ಇಂದು ಬೇರೆ ಅಂಕಿಗಳಲ್ಲಿ ಉಳಿದಿದೆ. 1994ರಲ್ಲಿ ಬಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಇಟಿ, ಸೀಟು ಹಂಚಿಕೆಯನ್ನು ರ‍್ಯಾಂಕಿಗೆ ಕಟ್ಟಿ ಹಳ್ಳಿಯ ಮಕ್ಕಳಿಗೆ ಧೈರ್ಯ ಕೊಟ್ಟಿತು. ಸೀಟಿನ ಕೊರತೆಯನ್ನು ಅದು ನೀಗಿಸುವಂತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಹೊರದೇಶಕ್ಕೆ ಹೋಗುವವರು ಈಗಿನ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಸೋತವರಲ್ಲವೇ? ಅಲ್ಲ. 2018ರಿಂದ ವಿದೇಶದಲ್ಲಿ ವೈದ್ಯಕೀಯ ಓದಲೂ ನೀಟ್ ಅರ್ಹತೆ ಕಡ್ಡಾಯ. 2021ರಲ್ಲಿ ಸುಮಾರು 15.4 ಲಕ್ಷ ಮಂದಿ ನೀಟ್ ಬರೆದರು, 8.7 ಲಕ್ಷ ಮಂದಿ ಅರ್ಹರಾದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು 90 ಸಾವಿರದ ಒಳಗೆ, ಅದರಲ್ಲೂ ಅರ್ಧದಷ್ಟು ಖಾಸಗಿಯವು. ಪರೀಕ್ಷೆಯೇ ಅರ್ಹರೆಂದು ಸಾರಿದ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು ಸಿಕ್ಕಿತು. ಉಳಿದವರಲ್ಲಿ ಎರಡೆಕರೆ ಹೊಲದವನು ಲಾಂಗ್‌ಟರ್ಮ್ ಕೋಚಿಂಗಿಗೆ ಕೂರುತ್ತಾನೆ, ಇಲ್ಲವೇ ಓದಿನ ದಾರಿಯನ್ನೇ ಬದಲಿಸುತ್ತಾನೆ, ಅದೂ ಅಲ್ಲದಿದ್ದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾನೆ.

ಹೊರಡುವ ತಯಾರಿಯನ್ನು ಹತ್ತಿರದಿಂದ ನೋಡಿದರೆ ಮೋಹ ಎಂಬ ಮಾತು ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಜನನ ಪ್ರಮಾಣಪತ್ರಗಳಿಗೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ, ವಿಶ್ವವಿದ್ಯಾಲಯದ ಆಹ್ವಾನಪತ್ರ, ವೈದ್ಯಕೀಯ ತಪಾಸಣೆ, ಬ್ಯಾಂಕ್ ಸಾಲ, ವೀಸಾ. ತೂಕದ ಮಿತಿಯೊಳಗೆ ಸೂಟ್‌ಕೇಸ್ ತುಂಬುವಾಗ ದಪ್ಪ ಸ್ವೆಟರಿನ ಪಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನ ಖಾರಪುಡಿ. ಉಕ್ರೇನಿಗೆ ಹೋದರೆ ಮೂರನೇ ವರ್ಷದ ಕೊನೆಗೆ ಅಲ್ಲಿನ ಪರವಾನಗಿ ಪರೀಕ್ಷೆ ಕ್ರೋಕ್-1, ಆರನೇ ವರ್ಷಕ್ಕೆ ಕ್ರೋಕ್-2. ಮರಳಿ ಬಂದರೆ 2002ರ ನಿಯಮದಂತೆ ವಿದೇಶಿ ವೈದ್ಯಕೀಯ ಪದವೀಧರರ ಅರ್ಹತಾ ಪರೀಕ್ಷೆಯಾದ ಎಫ್‌ಎಂಜಿಇ: ಒಂದೇ ದಿನ ಮುನ್ನೂರು ಪ್ರಶ್ನೆ, ತೇರ್ಗಡೆಗೆ 150 ಅಂಕ. ಅದರಲ್ಲಿ ಹೆಚ್ಚಿನವರು ಫೇಲಾಗುತ್ತಾರಲ್ಲ ಎಂಬುದು ಎರಡನೇ ಆಕ್ಷೇಪ. ಇದು ನಿಜ, ಗಂಭೀರವೂ ಹೌದು. ಕೆಲವು ಕಾಲೇಜುಗಳಲ್ಲಿ ರೋಗಿಯ ಭಾಷೆ ಬಾರದೆ ವಾರ್ಡಿನ ಕಲಿಕೆ ಸೊರಗುತ್ತದೆ. ಆದರೆ ಕನಿಷ್ಠ 54 ತಿಂಗಳ ಓದು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ ಇರಲೇಬೇಕೆಂದು ಸ್ಪಷ್ಟ ನಿಯಮ ಬಂದದ್ದು 2021ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಸುಮಾರು ಎರಡು ದಶಕ ಮಕ್ಕಳನ್ನು ಜರಡಿ ಹಿಡಿದೆವು. ಕಾಲೇಜುಗಳನ್ನು ಜರಡಿ ಹಿಡಿಯಲಿಲ್ಲ.

2022ರ ಮಾರ್ಚ್ 1ರಂದು ರಾಣೆಬೆನ್ನೂರು ತಾಲೂಕಿನ ಚಳಗೇರಿಯ ನಾಲ್ಕನೇ ವರ್ಷದ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ರಷ್ಯಾ–ಉಕ್ರೇನ್ ಯುದ್ಧದ ಷೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ. 97 ಅಂಕ ಪಡೆದಿದ್ದ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಅಂದು ಹೇಳಿದ್ದನ್ನು ನಾಡೆಲ್ಲ ಕೇಳಿತು. ಮಾರ್ಚ್ 21ರಂದು ಪಾರ್ಥಿವ ಶರೀರ ಬಂತು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಗನ ಓದು ನಿಂತರೂ ಬೇರೆ ಮಕ್ಕಳ ಓದು ನಡೆಯಲಿ ಎಂಬ ಆ ದೊಡ್ಡತನಕ್ಕೆ ಈ ಜಿಲ್ಲೆ ಎಂದೂ ಋಣಿ.

ಅದೇ ವರ್ಷ ಹಾವೇರಿಯಲ್ಲಿ 150 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು, 1997ರಲ್ಲಿ ಜಿಲ್ಲೆಯಾದ ಇಪ್ಪತ್ತೈದು ವರ್ಷಕ್ಕೆ. ಇನ್ನು ಸಮಸ್ಯೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಕಾಲೇಜು ಬಂದದ್ದು ದೊಡ್ಡ ಗೆಲುವೇ. ಆದರೆ ಅಲ್ಲಿನ ಸೀಟು ಇಡೀ ರಾಜ್ಯಕ್ಕೆ ಹಂಚಿಕೆಯಾಗುವಂಥದ್ದು, ಮತ್ತು ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ನಡುವಿನ ಕಂದಕ ಹಾಗೆಯೇ ಇದೆ. ಸರ್ಕಾರಿ ಸೀಟು ಹೆಚ್ಚಲಿ, ಖಾಸಗಿ ಶುಲ್ಕಕ್ಕೆ ನಿಜವಾದ ಕಡಿವಾಣ ಬೀಳಲಿ, ಹೊರಡುವ ಮಕ್ಕಳಿಗೆ ಯಾವ ಕಾಲೇಜು ನಿಯಮಕ್ಕೆ ಹೊಂದುತ್ತದೆ ಎಂಬುದನ್ನು ಏಜೆಂಟರ ಬದಲು ಜಿಲ್ಲಾಡಳಿತವೇ ಕನ್ನಡದಲ್ಲಿ ತಿಳಿಸಲಿ. ಅಲ್ಲಿಯವರೆಗೆ, ಊರು ಬಿಟ್ಟ ಮಕ್ಕಳನ್ನು ಹೀಗಳೆಯುವ ಹಕ್ಕು ನಮಗಿಲ್ಲ.