ಸ್ಕಾಟ್ಲೆಂಡ್ ಚರ್ಚ್: ನಂಬಿಕೆ ಮತ್ತು ಆಡಳಿತದ ಇತಿಹಾಸ

ಸ್ಕಾಟ್ಲೆಂಡ್ ಚರ್ಚ್ ಬಿಷಪ್‌ಗಳಿಲ್ಲದೆ ಹಿರಿಯರ ಸಭೆಗಳಿಂದ ನಡೆಯುವ ಪ್ರೆಸ್ಬಿಟೇರಿಯನ್ ಚರ್ಚು. ಇದರ ನಂಬಿಕೆಗಳನ್ನು ಒಂದು ಅಧ್ಯಾಯದಲ್ಲಿ, ಆಡಳಿತವನ್ನು ಇನ್ನೊಂದರಲ್ಲಿ ವಿವರಿಸುವುದು ರೂಢಿ. ಇತಿಹಾಸ ಈ ವಿಂಗಡಣೆಗೆ ಒಗ್ಗುವುದಿಲ್ಲ. ಈ ಚರ್ಚಿನಲ್ಲಿ ಆಡಳಿತವೂ ಒಂದು ನಂಬಿಕೆಯೇ. ಸಭೆಗೆ ಕ್ರಿಸ್ತನೊಬ್ಬನೇ ತಲೆ ಎಂಬುದನ್ನು ಕ್ರೈಸ್ತರೆಲ್ಲರೂ ಒಪ್ಪುತ್ತಾರೆ. ಆ ಮಾತನ್ನು ಕಾನೂನಿನಂತೆ ಹಿಡಿದು, ಹಾಗಾದರೆ ಸಭೆಯೊಳಗೆ ರಾಜನಾಗಲಿ ಬಿಷಪ್ಪಾಗಲಿ ಜಮೀನ್ದಾರನಾಗಲಿ ಅಪ್ಪಣೆ ಕೊಡುವಂತಿಲ್ಲ ಎಂದು ಪಟ್ಟುಹಿಡಿದವರು ಸ್ಕಾಟರು. ಅವರ ಜಗಳಗಳಲ್ಲಿ ಬಹುಪಾಲು ಈ ಒಂದು ಪಟ್ಟಿನಿಂದ ಹುಟ್ಟಿದವು.

ವ್ಯವಸ್ಥೆ ಒಮ್ಮೆಗೇ ಮೂಡಿದ್ದಲ್ಲ. 1560ರ ಆಗಸ್ಟ್‌ನಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ಪೋಪರ ಅಧಿಕಾರವನ್ನು ರದ್ದುಮಾಡಿ, ಸುಧಾರಕ ಜಾನ್ ನಾಕ್ಸ್ ಮತ್ತು ಐವರು ಸಂಗಡಿಗರು ಬರೆದ ವಿಶ್ವಾಸ ಪ್ರಮಾಣವನ್ನು ಅಂಗೀಕರಿಸಿತು. (ಆರೂ ಜನರ ಹೆಸರು ಜಾನ್ ಎಂದೇ ಇದ್ದದ್ದು ಇತಿಹಾಸದ ತಮಾಷೆ.) ಪಾಲಕ, ಬೋಧಕ, ಹಿರಿಯ, ಸೇವಕ ಎಂಬ ನಾಲ್ಕು ಹುದ್ದೆಗಳ ಏರ್ಪಾಟನ್ನು ಸುಧಾರಕ ಕ್ಯಾಲ್ವಿನ್ 1541ರಲ್ಲೇ ಜಿನೀವಾದಲ್ಲಿ ಜಾರಿಗೆ ತಂದಿದ್ದ, ನಾಕ್ಸ್ ಅದನ್ನು ಕಣ್ಣಾರೆ ಕಂಡಿದ್ದ. ಆದರೂ 1560ರ ಮೊದಲ ಶಿಸ್ತಿನ ಗ್ರಂಥದಲ್ಲಿ ಸುತ್ತಲಿನ ಊರುಗಳ ಪಾಲಕರೂ ಹಿರಿಯರೂ ಕೂಡುವ ಪ್ರೆಸ್ಬಿಟರಿ ಎಂಬ ಸಂಸ್ಥೆ ಇರಲಿಲ್ಲ. ಪ್ರಾಂತಗಳನ್ನು ನೋಡಿಕೊಳ್ಳಲು ಮೇಲ್ವಿಚಾರಕರಿದ್ದರು. ಈ ಆಡಳಿತ ಬೈಬಲಿನಿಂದಲೇ ನೇರವಾಗಿ ಇಳಿದು ಬಂದದ್ದು ಎಂದು ಸಾಧಿಸಹೊರಟವರಿಗೆ ಇದು ಮುಜುಗರದ ಸಂಗತಿ. ಬಿಷಪ್ ಪದವಿಯನ್ನು ತಳ್ಳಿಹಾಕಿದ್ದು ಆಂಡ್ರ್ಯೂ ಮೆಲ್ವಿಲ್ ಮುಂದಾಳುತನದ ಎರಡನೆಯ ಶಿಸ್ತಿನ ಗ್ರಂಥ, 1578ರಲ್ಲಿ. ಪ್ರೆಸ್ಬಿಟರಿಗಳು ಹುಟ್ಟಿದ್ದು 1581ರಿಂದ, ಪಾರ್ಲಿಮೆಂಟಿನ ಮನ್ನಣೆ ಸಿಕ್ಕಿದ್ದು 1592ರಲ್ಲಿ. ಬಿಷಪ್ಪಿಲ್ಲದಿದ್ದರೆ ತನ್ನ ಸಿಂಹಾಸನಕ್ಕೂ ಭದ್ರತೆಯಿಲ್ಲ ಎಂದು ಬಗೆದ ಆರನೆಯ ಜೇಮ್ಸ್ ಅವರನ್ನು ಮರಳಿ ತಂದ. ಅವನ ಮಗ ಚಾರ್ಲ್ಸ್ 1637ರಲ್ಲಿ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ದೊಂಬಿ ಎಬ್ಬಿಸಿದ. ಮರುವರ್ಷ ರಾಷ್ಟ್ರೀಯ ಒಡಂಬಡಿಕೆಗೆ ಸಹಿಗಳು ಬಿದ್ದವು, ಗ್ಲಾಸ್ಗೋ ಮಹಾಸಭೆ ಬಿಷಪ್‌ಗಳನ್ನು ಕಿತ್ತುಹಾಕಿತು. ನಡುವೆ ಉರುಳಿಬಿದ್ದಿದ್ದ ದೊರೆತನ ಮರಳಿದಾಗ ಬಿಷಪ್‌ಗಳೂ ಮರಳಿದರು. ಕೊನೆಗೂ ಹೋದದ್ದು 1689-90ರ ಹೊತ್ತಿಗೆ.

ಉಳಿದುಕೊಂಡದ್ದು ಒಂದರ ಮೇಲೊಂದು ನ್ಯಾಯಾಲಯಗಳಿರುವ ವ್ಯವಸ್ಥೆ. ಊರಿನ ಮಟ್ಟದಲ್ಲಿ ಪಾಲಕ ಮತ್ತು ಹಿರಿಯರು ಕೂಡಿದ ಕರ್ಕ್ ಸೆಷನ್, ಅದರ ಮೇಲೆ ಪ್ರೆಸ್ಬಿಟರಿ, ಸಿನೊಡ್ (ಇದನ್ನು 1990ರ ದಶಕದಲ್ಲಿ ಕೈಬಿಡಲಾಯಿತು), ತುದಿಯಲ್ಲಿ ಮಹಾಸಭೆ. ಮಹಾಸಭೆಯ ಮಾಡರೇಟರ್ ಅಧಿಕಾರ ಒಂದೇ ವರ್ಷ. ದೊರೆಯ ಪ್ರತಿನಿಧಿ ಗ್ಯಾಲರಿಯಲ್ಲಿ ಕೂತು ನೋಡಬಹುದು, ತೀರ್ಮಾನದಲ್ಲಿ ಪಾಲಿಲ್ಲ. ಮಹಾಸಭೆಯೂ ಸರ್ವಾಧಿಕಾರಿಯಲ್ಲ: 1697ರ ತಡೆ ಕಾಯಿದೆಯ ಪ್ರಕಾರ ದೊಡ್ಡ ಬದಲಾವಣೆಗಳು ಪ್ರೆಸ್ಬಿಟರಿಗಳ ಒಪ್ಪಿಗೆಗೆ ಹೋಗಲೇಬೇಕು. ನಂಬಿಕೆಯ ಚೌಕಟ್ಟು 1647ರಲ್ಲಿ ಸ್ವೀಕರಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ್ದು. ಬೈಬಲೇ ಪರಮಾಧಾರ, ರಕ್ಷಣೆ ದೇವರ ಕೃಪೆಯಿಂದ, ಅದು ಯಾರಿಗೆಂಬುದು ದೇವರು ಮೊದಲೇ ಸಂಕಲ್ಪಿಸಿದ್ದು, ಸಂಸ್ಕಾರಗಳು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎರಡೇ. ಇದನ್ನೆಲ್ಲ ಪ್ರಜಾಪ್ರಭುತ್ವದ ತೊಟ್ಟಿಲು ಎಂದು ಹೊಗಳುವವರಿದ್ದಾರೆ. ಅದು ಅರ್ಧ ಸತ್ಯ. ಹಿರಿಯರು ಜನರ ವಕೀಲರಾಗಿರಲಿಲ್ಲ, ಜನರ ನಡತೆಯ ಕಾವಲುಗಾರರಾಗಿದ್ದರು. ತಪ್ಪಿತಸ್ಥರನ್ನು ಸಭೆಯೆದುರು ಪಶ್ಚಾತ್ತಾಪದ ಪೀಠಕ್ಕೆ ಏರಿಸುತ್ತಿದ್ದರು. ಕವಿ ರಾಬರ್ಟ್ ಬರ್ನ್ಸ್‌ನಿಗೂ ಆ ಅವಮಾನ ತಪ್ಪಲಿಲ್ಲ. ಹಿರಿಯರ ಬೂಟಾಟಿಕೆಯನ್ನು ಅವನು ಪದ್ಯದಲ್ಲಿ ಚೆನ್ನಾಗಿಯೇ ಝಾಡಿಸಿದ.

ಆಡಳಿತವೇ ನಂಬಿಕೆ ಎಂಬುದಕ್ಕೆ ಬಲವಾದ ಸಾಕ್ಷಿ ಒಡಕುಗಳಲ್ಲಿದೆ. 1712ರ ಕಾಯಿದೆ ಪಾಲಕರನ್ನು ಸೂಚಿಸುವ ಹಕ್ಕನ್ನು ಮತ್ತೆ ಭೂಮಾಲೀಕರ ಕೈಗೆ ಕೊಟ್ಟಿತು. ಮುಖ್ಯವಾಗಿ ಈ ಕಾರಣಕ್ಕೆ 1733ರಲ್ಲಿ ಎಬೆನೀಜರ್ ಅರ್ಸ್ಕಿನ್, 1761ರಲ್ಲಿ ಥಾಮಸ್ ಗಿಲೆಸ್ಪಿಯ ಬಣಗಳು ಬೇರೆಯಾದವು. ಜನ ಒಲ್ಲದ ಪಾಲಕನನ್ನು ತಡೆಯಲು ಮಹಾಸಭೆ 1834ರಲ್ಲಿ ನಿಯಮ ಮಾಡಿದರೆ, ಆಕ್ಟರಾರ್ಡರ್ ಮೊಕದ್ದಮೆಯಲ್ಲಿ ಸರ್ಕಾರಿ ನ್ಯಾಯಾಲಯ ಅದನ್ನು ಮುರಿಯಿತು. 1843ರ ಮೇ 18ರಂದು ಥಾಮಸ್ ಚಾಮರ್ಸ್ ಮುಂತಾದವರು ಮಹಾಸಭೆಯಿಂದ ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಸುಮಾರು 1200 ಪಾಲಕರಲ್ಲಿ 450ಕ್ಕೂ ಹೆಚ್ಚು ಮಂದಿ ಅವರ ಜೊತೆಗೆ ಹೋದರು. ಗಮನಿಸಬೇಕಾದದ್ದೆಂದರೆ, ಈ ಮೂರೂ ಬಣಗಳು ಹೊರಬಿದ್ದಾಗ ವೆಸ್ಟ್‌ಮಿನ್‌ಸ್ಟರ್ ಪ್ರಮಾಣವನ್ನು ಬಿಡಲಿಲ್ಲ. ಇದು ಧರ್ಮದ ವೇಷದ ವರ್ಗರಾಜಕಾರಣ, ಜಮೀನ್ದಾರರ ವಿರುದ್ಧ ಮಧ್ಯಮವರ್ಗದ ಸಿಟ್ಟು ಎಂಬ ಆಕ್ಷೇಪವುಂಟು. ಸಿಟ್ಟು ಇದ್ದದ್ದು ನಿಜ. ಆದರೆ ಸಂಬಳ, ಮನೆ ಎರಡನ್ನೂ ಬಿಟ್ಟು ಹೋದ ಪಾಲಕರ ನಡೆಯನ್ನು ಅದೊಂದೇ ವಿವರಿಸಲಾರದು. ಕಲ್ಕತ್ತೆಯಲ್ಲಿದ್ದ ಮಿಷನರಿ ಅಲೆಕ್ಸಾಂಡರ್ ಡಫ್‌ನಿಗೆ ಯಾವ ಜಮೀನ್ದಾರನ ಕಾಟವೂ ಇರಲಿಲ್ಲ. ಅವನೂ ತಾನು ಕಟ್ಟಿದ ಕಾಲೇಜಿನ ಕಟ್ಟಡ ಬಿಟ್ಟು ಹೊರಬಂದ.

ಮಾತುಮಾತಿಗೆ ಒಡೆಯುವ ಚರ್ಚಿನ ಆಡಳಿತ ಸೋತಂತೆಯೇ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಕಷ್ಟ. ಕಡೆಯ ತೀರ್ಪು ಯಾವೊಬ್ಬ ವ್ಯಕ್ತಿಯದೂ ಅಲ್ಲದಿದ್ದರೆ, ಸೋತವನಿಗೆ ತನ್ನ ಮನಸ್ಸಾಕ್ಷಿಯನ್ನೇ ಮೇಲಿನ ನ್ಯಾಯಾಲಯ ಮಾಡಿಕೊಳ್ಳುವುದು ಸುಲಭ. ಆದರೆ ಕೂಡುವಿಕೆಯೂ ಇದೇ ಸಭೆಗಳಿಂದ ಆಯಿತು. ಫ್ರೀ ಚರ್ಚಿನ ಬಹುಮತ 1900ರಲ್ಲಿ ಹಳೆಯ ಒಡಕಿನ ಬಣಗಳ ಉತ್ತರಾಧಿಕಾರಿಗಳೊಡನೆ ಸೇರಿತು. ಸೇರಲೊಲ್ಲದ ಸಣ್ಣ ಗುಂಪಿಗೇ ಆಸ್ತಿ ಸಲ್ಲಬೇಕೆಂದು ಹೌಸ್ ಆಫ್ ಲಾರ್ಡ್ಸ್ 1904ರಲ್ಲಿ ತೀರ್ಪಿತ್ತಿತು. ಸರ್ಕಾರಿ ನ್ಯಾಯಾಲಯದಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಚರ್ಚಿನ ಮೂಲತತ್ವವೇನೆಂದು ಸರ್ಕಾರಿ ನ್ಯಾಯಾಲಯವೇ ಹೇಳಿದ ವಿಪರ್ಯಾಸವಿದು. ಧಾರ್ಮಿಕ ವಿಷಯಗಳಲ್ಲಿ ಚರ್ಚು ಸ್ವತಂತ್ರವೆಂದು 1921ರ ಕಾಯಿದೆ ಒಪ್ಪಿಕೊಂಡ ಮೇಲೆ 1929ರಲ್ಲಿ ಆ ಕೂಡಿದ ಚರ್ಚೂ ಸ್ಕಾಟ್ಲೆಂಡ್ ಚರ್ಚೂ ಒಂದಾದವು. ಮಹಿಳೆಯರಿಗೆ 1966ರಲ್ಲಿ ಹಿರಿಯರ ಸ್ಥಾನವೂ 1968ರಲ್ಲಿ ಪಾಲಕರ ಸ್ಥಾನವೂ ತೆರೆದದ್ದು ಮಹಾಸಭೆಯ ನಿರ್ಣಯಗಳಿಂದಲೇ.

ದಕ್ಷಿಣ ಭಾರತದಲ್ಲಿ ಕಥೆ ಬೇರೆ ತಿರುವು ಪಡೆಯಿತು. ಇಲ್ಲಿನ ಪ್ರೆಸ್ಬಿಟೇರಿಯನ್ನರು 1908ರಲ್ಲಿ ಕಾಂಗ್ರಿಗೇಷನಲ್ ಸಭೆಗಳೊಡನೆ ಕೂಡಿ, 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟರೊಡನೆ ಸೇರಿ ದಕ್ಷಿಣ ಇಂಡಿಯಾ ಸಭೆಯಾದರು. ಸ್ಕಾಟರು ಹೋರಾಡಿ ಓಡಿಸಿದ್ದ ಬಿಷಪ್ ಪದವಿಯನ್ನು ಒಪ್ಪಿಕೊಂಡರು. ಸ್ಕಾಟಿಷ್ ಸೈನಿಕರಿಗಾಗಿ 1860ರ ದಶಕದಲ್ಲಿ ಎದ್ದ ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚು ಇಂದು ಈ ಸಭೆಯ ಬಿಷಪ್ಪರ ಕೆಳಗಿದೆ. ಆದರೆ ಆ ಬಿಷಪ್ಪರು ಜನಸಾಮಾನ್ಯರ ಪ್ರತಿನಿಧಿಗಳೂ ಕೂರುವ ಸಿನೊಡ್‌ನ ನಿರ್ಣಯಗಳಿಗೆ ಬದ್ಧರು, ಮತ್ತು ಇಡೀ ಸಭೆಯ ಮುಖ್ಯಸ್ಥರು ಗೊತ್ತಾದ ಅವಧಿಗೆ ಚುನಾಯಿತರಾಗುವ ಮಾಡರೇಟರ್.